ಯಾವ ಮಗುವಿಗೆ ಯಾವ ರಾಕ್ಷಸ? ಮಳೆಗಾಲಕ್ಕೆ ಒಂದು ಹೋಲಿಕೆ

ಮಳೆ ಜೋರಾಗಿ ಡಿ.ಸಿ. ಶಾಲೆಗೆ ರಜೆ ಕೊಟ್ಟರೆ ಮಕ್ಕಳಿಗೆ ಖುಷಿ, ಮನೆಯವರಿಗೆ ಹೊಸ ಕೆಲಸ. ಹೊರಗೆ ಬಿಡುವ ಹಾಗಿಲ್ಲ, ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಆಗ ಮಕ್ಕಳು ಕೇಳುವುದು ರಾಕ್ಷಸನ ಕಥೆಯನ್ನೇ. ಕೇಳುವಾಗ ಧೈರ್ಯ ಇರುತ್ತದೆ, ರಾತ್ರಿ ಬಚ್ಚಲಿಗೆ ಹೋಗುವಾಗ ಮಾತ್ರ ಅಮ್ಮ ಜೊತೆಗೆ ಬರಬೇಕು. ಹಾಗಾಗಿ ಉಡುಪಿ ಕಡೆಯಿಂದಲೂ ಮಂಗಳೂರು ಕಡೆಯಿಂದಲೂ ನನಗೆ ಬರುವ ಪ್ರಶ್ನೆ ಒಂದೇ. ರಾಕ್ಷಸನೂ ಇರಬೇಕು, ಮಗು ಹೆದರಲೂ ಬಾರದು, ಅಂಥದ್ದು ಯಾವುದು? ಟೊಟೊರೊ ತೋರಿಸುವುದಾ, ಮಾನ್‌ಸ್ಟರ್ಸ್ ಇಂಕ್ ತೋರಿಸುವುದಾ, ಚಿತ್ರಪುಸ್ತಕ ತರುವುದಾ, ಇಲ್ಲ ಅಜ್ಜಿ ಹೇಳುವ ಘಟೋತ್ಕಚನೇ ಸಾಕಾ?

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ರಾಕ್ಷಸ ಎಷ್ಟು ಮುದ್ದಾಗಿದ್ದಾನೆ ಅಂತ ನೋಡಿ ಆರಿಸಬೇಡಿ. ಕಥೆಯಲ್ಲಿ ಹೆದರಿಕೆ ಎಲ್ಲಿ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಅದನ್ನು ಕಳೆಯುವವರು ಯಾರು ಅಂತ ನೋಡಿ. ಚೂರೂ ಹೆದರಿಕೆ ಇಲ್ಲದ ರಾಕ್ಷಸನನ್ನು ಮಗು ಮರುದಿನವೇ ಮರೆಯುತ್ತದೆ. ಮೊದಲು ಸ್ವಲ್ಪ ನಡುಗಿಸಿ ಆಮೇಲೆ ಪಕ್ಕದಲ್ಲಿ ಬಂದು ಕೂತವನು ಮಾತ್ರ ನೆನಪಿನಲ್ಲಿ ಉಳಿಯುತ್ತಾನೆ, ಕತ್ತಲಲ್ಲಿ ಧೈರ್ಯಕ್ಕೂ ಬರುತ್ತಾನೆ.

ಇನ್ನೊಂದು ಮಾತು. ನಮ್ಮ ಕಡೆ ಭೂತ ಅಂದರೆ ದೈವ. ಕಾಲಿಗೆ ಗಗ್ಗರ ಕಟ್ಟಿ ಕೋಲ ಎಂಬ ಆಚರಣೆಯಲ್ಲಿ ಬರುವ ದೈವವನ್ನು ನಾನು ಈ ಹೋಲಿಕೆಗೆ ತರುವುದಿಲ್ಲ. ಅದು ಕಥೆಯ ಪಾತ್ರವಲ್ಲ, ಮನೆ-ಊರುಗಳ ಆರಾಧನೆ. ಮಗು ಎರಡನ್ನೂ ಒಂದೇ ಅಂದುಕೊಂಡು ಕೇಳಿದರೆ ಆ ವ್ಯತ್ಯಾಸವನ್ನು ಕೂರಿಸಿ ಹೇಳಿಕೊಡಿ.

ಏನನ್ನು ನೋಡಬೇಕು

ಮೊದಲನೆಯದು ಹೆದರಿಕೆ ಇರುವ ಜಾಗ. ನಿಮ್ಮ ಮಗು ಯಾವುದಕ್ಕೆ ಹೆದರುತ್ತದೆ? ಮಂಚದ ಅಡಿಗಾ, ಅಟ್ಟಕ್ಕಾ, ದೊಡ್ಡ ಸದ್ದಿಗಾ, ಅಮ್ಮ ಇಲ್ಲದೆ ಇರುವುದಕ್ಕಾ? ಒಂದೊಂದು ಕಥೆ ಒಂದೊಂದನ್ನು ಮುಟ್ಟುತ್ತದೆ. ಮಗುವಿಗೆ ಈಗ ಇರುವ ಹೆದರಿಕೆಯನ್ನೇ ಮುಟ್ಟುವ ಕಥೆ ಮದ್ದೂ ಆಗಬಹುದು, ಗಾಯಕ್ಕೆ ಉಪ್ಪೂ ಆಗಬಹುದು.

ಎರಡನೆಯದು, ಸ್ನೇಹ ಮಾಡುವವರು ಯಾರು? ಮಗುವೇ ಕೈ ಚಾಚುತ್ತದಾ, ರಾಕ್ಷಸ ತಾನಾಗಿ ಬರುತ್ತಾನಾ, ದೊಡ್ಡವರು ಬಂದು ಬಿಡಿಸುತ್ತಾರಾ? ಮಗು ತಾನೇ ಮಾಡಿದ್ದಾದರೆ ಕೇಳುವ ಮಗುವಿಗೂ ಬಲ ಬರುತ್ತದೆ. ಮೂರನೆಯದು ಕೊನೆ. ರಾಕ್ಷಸ ಉಳಿಯುತ್ತಾನಾ, ಬಿಟ್ಟು ಹೋಗುತ್ತಾನಾ, ಸಾಯುತ್ತಾನಾ? ಇದನ್ನು ಮೊದಲೇ ತಿಳಿದುಕೊಳ್ಳದೆ ಯಾವುದನ್ನೂ ಶುರು ಮಾಡಬೇಡಿ.

ಉಳಿದದ್ದು ಭಾಷೆ ಮತ್ತು ದುಡ್ಡು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡುವವರು ಕಥೆಯನ್ನು ಆ ಭಾಷೆಯಲ್ಲೇ ಹೇಳುವಂತಿದ್ದರೆ ಒಳ್ಳೆಯದು. ಕರೆಂಟಿಲ್ಲದ ಹೊತ್ತಿಗೂ ಅದು ಆಗುತ್ತದೆ. ಚಿತ್ರಪುಸ್ತಕಗಳು ದುಬಾರಿ. ಒಂದೊಂದಕ್ಕೆ ಕೆಲವು ನೂರು ರೂಪಾಯಿ ಕೊಡುವ ಮೊದಲು ನಗರ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ ನೋಡಿ. ಹಳ್ಳಿಯಲ್ಲಾದರೆ ಪಂಚಾಯತಿನ ಗ್ರಂಥಾಲಯ, ಅಂದರೆ ಅರಿವು ಕೇಂದ್ರ ಇದೆ. ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತವಾಗಿಯೇ ಸಿಗುತ್ತವೆ.

ಎರಡು-ಮೂರು ವರ್ಷದವರಿಗೆ

ಇವರಿಗೆ ಸಿನಿಮಾನೂ ಬೇಡ, ಪುಸ್ತಕವೂ ಬೇಡ. ಪುರಂದರದಾಸರ ‘ಗುಮ್ಮನ ಕರೆಯದಿರೆ’ ಹಾಡಿ, ಸಾಕು. ಊಟ ಮಾಡದಿದ್ದರೆ ಗುಮ್ಮ ಬರ್ತಾನೆ ಅಂತ ನಾವೆಲ್ಲ ಹೆದರಿಸುತ್ತೇವೆ, ಅಲ್ವಾ? ಆ ಹಾಡಿನಲ್ಲಿ ಗುಮ್ಮನಿಗೆ ಹೆದರುವವನು ಕೃಷ್ಣ. ತಂಟೆ ಮಾಡುವುದಿಲ್ಲ, ಸುಮ್ನೆ ಇರುತ್ತೇನೆ ಅಂತ ಅಮ್ಮನ ಹತ್ತಿರ ಬೇಡಿಕೊಳ್ಳುತ್ತಾನೆ. ಉಡುಪಿ ಕೃಷ್ಣ ಮಠಕ್ಕೆ ಹೋದಾಗ ನವಗ್ರಹ ಕಿಂಡಿಯಲ್ಲಿ ನೋಡುವ ಆ ದೇವರಿಗೇ ಹೆದರಿಕೆ ಇತ್ತು ಅಂದರೆ ಹೆದರುವುದು ನಾಚಿಕೆಯ ವಿಷಯವಲ್ಲ ಅಂತ ಮಗುವಿಗೆ ತಾನಾಗಿ ಗೊತ್ತಾಗುತ್ತದೆ. ಗುಮ್ಮ ಬರುವುದೇ ಇಲ್ಲ, ಬರೀ ಹೆಸರು. ಆ ವಯಸ್ಸಿಗೆ ಅಷ್ಟೇ ಸಾಕು.

ಟೊಟೊರೊ

‘ಮೈ ನೇಬರ್ ಟೊಟೊರೊ’ 1988ರ ಜಪಾನಿ ಚಿತ್ರ. ಹಯಾವೊ ಮಿಯಾಝಾಕಿ ಮಾಡಿದ್ದು. ಒಂದೂವರೆ ಗಂಟೆಯೂ ಇಲ್ಲ. ಸತ್ಸುಕಿ, ಮೇ ಎಂಬ ಅಕ್ಕ-ತಂಗಿ ಅಪ್ಪನ ಜೊತೆ ಹಳ್ಳಿಯ ಹಳೇ ಮನೆಗೆ ಬರುತ್ತಾರೆ. ಪಕ್ಕದ ದೊಡ್ಡ ಕರ್ಪೂರದ ಮರದಲ್ಲಿ ಟೊಟೊರೊ ಇದ್ದಾನೆ. ದೊಡ್ಡ ಹೊಟ್ಟೆ, ಮೈತುಂಬ ರೋಮ, ಅಗಲ ಬಾಯಿ. ಮಾತಾಡುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಇಡೀ ಚಿತ್ರದಲ್ಲಿ ಖಳನಾಯಕ ಅಂತ ಒಬ್ಬನೂ ಇಲ್ಲ. ಹಳೇ ಮನೆಯ ಕತ್ತಲು ಕೋಣೆಯಲ್ಲಿ ಮಸಿಯ ಉಂಡೆಗಳಂಥ ಜೀವಿಗಳು ಸರಸರ ಓಡುತ್ತವೆ. ಗಾಳಿಗೆ ಮನೆ ಅಲುಗಾಡುತ್ತದೆ. ಆಗ ಅಪ್ಪ ಸ್ನಾನದ ತೊಟ್ಟಿಯಲ್ಲಿ ಕೂತು ಜೋರಾಗಿ ನಗಲು ಹೇಳಿಕೊಡುತ್ತಾನೆ, ನಕ್ಕರೆ ಹೆದರಿಕೆ ಓಡುತ್ತದೆ ಅಂತ. ಮಳೆಯಲ್ಲಿ ಬಸ್ ಸ್ಟಾಪಿನ ದೃಶ್ಯವಂತೂ ನಮ್ಮ ಕರಾವಳಿಯ ಮಕ್ಕಳಿಗೆ ತಮ್ಮೂರಿನದೇ ಅನ್ನಿಸುತ್ತದೆ. ಅಪ್ಪನ ಬಸ್ ತಡವಾಗಿದೆ, ತಂಗಿ ಅಕ್ಕನ ಬೆನ್ನ ಮೇಲೆ ನಿದ್ದೆ ಹೋಗಿದ್ದಾಳೆ, ಪಕ್ಕದಲ್ಲಿ ಟೊಟೊರೊ ಬಂದು ನಿಂತಿದ್ದಾನೆ. ಸತ್ಸುಕಿ ಹೆಚ್ಚಿಗೆ ಇದ್ದ ಕೊಡೆಯನ್ನು ಅವನಿಗೆ ಕೊಡುತ್ತಾಳೆ. ಕೊಡೆಯ ಮೇಲೆ ಬೀಳುವ ಹನಿಯ ಸದ್ದಿಗೆ ಅವನು ಖುಷಿಪಡುತ್ತಾನೆ. ಇಲ್ಲಿ ಮೊದಲು ಕೈ ಚಾಚಿದ್ದು ಮಗು. ಅದಕ್ಕೇ ನಾಲ್ಕೈದು ವರ್ಷದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಒಂದು ಎಚ್ಚರಿಕೆ ಇದೆ. ಆ ಮಕ್ಕಳ ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಕೊನೆಯ ಭಾಗದಲ್ಲಿ ಆಸ್ಪತ್ರೆಯಿಂದ ಟೆಲಿಗ್ರಾಂ ಬರುತ್ತದೆ, ಅಮ್ಮನಿಗೆ ಜೋಳದ ತೆನೆ ಕೊಡಲು ಹೊರಟ ಮೇ ದಾರಿ ತಪ್ಪುತ್ತಾಳೆ. ಎಲ್ಲ ಸರಿಯಾಗುತ್ತದೆ, ಅಮ್ಮ ಮನೆಗೆ ಬರುವುದು ಕೊನೆಯ ಹೆಸರುಗಳ ಜೊತೆಗಿನ ಚಿತ್ರಗಳಲ್ಲಿ ಇದೆ. ಅದನ್ನು ನೋಡದೆ ಆಫ್ ಮಾಡಬೇಡಿ. ಆದರೆ ನಿಮ್ಮ ಮನೆಯಲ್ಲೇ ಯಾರಾದರೂ ಆಸ್ಪತ್ರೆಯಲ್ಲಿದ್ದರೆ ಈ ಚಿತ್ರವನ್ನು ಈಗ ಬಿಡಿ, ಅವರು ಮನೆಗೆ ಬಂದ ಮೇಲೆ ಒಟ್ಟಿಗೆ ನೋಡಿ. ಇನ್ನೊಂದು, ಟೊಟೊರೊ ಮಾಡಿದ ಜಿಬ್ಲಿ ಸ್ಟುಡಿಯೋದ್ದೇ ಆದ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಕೂಡ ಟೊಟೊರೊ ಬಂದ ದಿನವೇ ತೆರೆಗೆ ಬಂದದ್ದು, ಅದರಲ್ಲೂ ಇಬ್ಬರು ಮಕ್ಕಳೇ ಇದ್ದಾರೆ. ಅದು ಯುದ್ಧದಲ್ಲಿ ಹಸಿವಿನಿಂದ ಸಾಯುವ ಮಕ್ಕಳ ಕಥೆ. ಸ್ಟುಡಿಯೋ ಹೆಸರು ನೋಡಿ ಚಿಕ್ಕವರಿಗೆ ಹಾಕಿಬಿಡಬೇಡಿ.

ಮಾನ್‌ಸ್ಟರ್ಸ್ ಇಂಕ್

ಪಿಕ್ಸಾರ್‌ನ ಈ ಚಿತ್ರ 2001ರದ್ದು. ಮಂಚದ ಅಡಿಗೆ ಹೆದರುವ ಮಗುವಿಗೆ ಇದಕ್ಕಿಂತ ನೇರವಾದ ಮದ್ದು ಇಲ್ಲ. ರಾಕ್ಷಸರ ಊರಿಗೆ ವಿದ್ಯುತ್ ಬರುವುದೇ ಮಕ್ಕಳ ಕಿರುಚಾಟದಿಂದ. ಹೆದರಿಸುವುದು ಅವರಿಗೆ ಕಾರ್ಖಾನೆಯ ಕೆಲಸ, ಪಾಳಿ ಮುಗಿಸಿ ಮನೆಗೆ ಹೋಗುತ್ತಾರೆ. ಮಕ್ಕಳನ್ನು ಮುಟ್ಟಿದರೆ ವಿಷ ಅಂತ ಅವರೇ ನಡುಗುತ್ತಾರೆ. ಒಬ್ಬ ರಾಕ್ಷಸನ ಬೆನ್ನಿಗೆ ಮಗುವಿನ ಕಾಲುಚೀಲ ಅಂಟಿಕೊಂಡಾಗ ಆಗುವ ಗಲಾಟೆಗೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಕೊನೆಗೆ ನಗುವಿನಲ್ಲಿ ಕಿರುಚಾಟಕ್ಕಿಂತ 10 ಪಟ್ಟು ಶಕ್ತಿ ಇದೆ ಅಂತ ಗೊತ್ತಾಗಿ ಕಾರ್ಖಾನೆಯೇ ಬದಲಾಗುತ್ತದೆ.

ನನಗೆ ಜಾಸ್ತಿ ಇಷ್ಟ ಇನ್ನೊಂದು ದೃಶ್ಯ. ನೀಲಿ ರೋಮದ ಸಲಿ ಕೆಲಸದ ಭಾಗವಾಗಿ ಒಮ್ಮೆ ಘರ್ಜಿಸಿ ತೋರಿಸಬೇಕಾಗುತ್ತದೆ. ಅವನನ್ನೇ ನಂಬಿದ್ದ ಮನುಷ್ಯರ ಪುಟ್ಟ ಹುಡುಗಿ ಬೂ ಅದನ್ನು ನೋಡಿ ಅಳುತ್ತಾ ದೂರ ಸರಿಯುತ್ತಾಳೆ. ಪರದೆಗಳ ಮೇಲೆ ತನ್ನದೇ ಮುಖ ನೋಡಿ ಅವನು ಕುಗ್ಗಿ ಹೋಗುತ್ತಾನೆ. ತಮಾಷೆಗೆ ಅಂತ ಮಕ್ಕಳನ್ನು ಹೆದರಿಸುವ ಮಾವಂದಿರು, ಚಿಕ್ಕಪ್ಪಂದಿರು ಮಕ್ಕಳ ಜೊತೆಯಲ್ಲೇ ಕೂತು ನೋಡಬೇಕಾದ ದೃಶ್ಯ ಇದು.

ಆದರೆ ಟೊಟೊರೊಗಿಂತ ಇದರಲ್ಲಿ ಹೆದರಿಕೆ ಜಾಸ್ತಿ. ರಾಂಡಲ್ ಎಂಬ ಹಲ್ಲಿಯಂಥವನು ಮೈಬಣ್ಣ ಬದಲಿಸಿ ಮಾಯವಾಗುತ್ತಾನೆ, ಮಗುವನ್ನು ಯಂತ್ರಕ್ಕೆ ಕಟ್ಟುವ ದೃಶ್ಯವೂ ಇದೆ. ಐದಾರು ವರ್ಷ ಆಗಿರಲಿ. ಅಲ್ಲಿ ರಾಕ್ಷಸರು ಬರುವುದು ಬಟ್ಟೆ ಇಡುವ ಕೋಣೆಯ ಬಾಗಿಲಿನಿಂದ. ನಮ್ಮ ಮನೆಗಳಲ್ಲಿ ಆ ಜಾಗ ಕಪಾಟಿನದು ಅಥವಾ ಅಟ್ಟದ್ದು, ಅಷ್ಟನ್ನು ಮೊದಲೇ ಹೇಳಿದರೆ ಸಾಕು, ಉಳಿದದ್ದು ಅರ್ಥವಾಗುತ್ತದೆ. ಮಾತು ವೇಗ, ಇಂಗ್ಲಿಷ್ ಬಾರದ ಮಗುವಿಗೆ ಪಕ್ಕದಲ್ಲಿ ಒಬ್ಬರು ಬೇಕು.

ಚಿತ್ರಪುಸ್ತಕ ಕೊಳ್ಳುವುದಾದರೆ

ಇಲ್ಲಿ ಪೈಪೋಟಿ ಎರಡರ ನಡುವೆ. ಜೂಲಿಯಾ ಡೊನಾಲ್ಡ್‌ಸನ್ ಬರೆದು ಆಕ್ಸೆಲ್ ಶೆಫ್ಲರ್ ಚಿತ್ರ ಬರೆದ ‘ಗ್ರಫಲೋ’ 1999ರದ್ದು. ಮಾರಿಸ್ ಸೆಂಡಾಕ್ ಅವರ ‘ವೇರ್ ದಿ ವೈಲ್ಡ್ ಥಿಂಗ್ಸ್ ಆರ್’ 1963ರದ್ದು.

ಗ್ರಫಲೋದಲ್ಲಿ ಪುಟ್ಟ ಇಲಿ ಕಾಡಿನಲ್ಲಿ ನರಿ, ಗೂಬೆ, ಹಾವುಗಳಿಂದ ತಪ್ಪಿಸಿಕೊಳ್ಳಲು ಇಲ್ಲದ ರಾಕ್ಷಸನ ಹೆಸರು ಹೇಳುತ್ತದೆ. ಆಮೇಲೆ ಅವನು ನಿಜಕ್ಕೂ ಎದುರಿಗೆ ಬಂದು ನಿಲ್ಲುತ್ತಾನೆ! ಅವನನ್ನೂ ಇಲಿ ಬುದ್ಧಿಯಿಂದಲೇ ಓಡಿಸುತ್ತದೆ. ಪಂಚತಂತ್ರದ ಮೊಲ-ಸಿಂಹದ ಕಥೆ ಗೊತ್ತಿರುವ ಮಗುವಿಗೆ ದಾರಿ ಪರಿಚಿತ. ಅಲ್ಲಿ ಸಿಂಹ ಬಾವಿಗೆ ಬಿದ್ದು ಸಾಯುತ್ತದೆ, ಇಲ್ಲಿ ಯಾರೂ ಸಾಯುವುದಿಲ್ಲ. ಒಂದು ಸಲ ಓದಿಕೊಂಡರೆ ತುಳುವಿನಲ್ಲೂ ಐದೇ ನಿಮಿಷದಲ್ಲಿ ಹೇಳಬಹುದು. ಮೂಲದ ಪ್ರಾಸ ಹೋಗುತ್ತದೆ ನಿಜ, ಆದರೆ ಕಥೆಯ ಗಟ್ಟಿತನ ಹೋಗುವುದಿಲ್ಲ. ಒಂದೇ ಕೊರತೆ, ಗ್ರಫಲೋ ಸ್ನೇಹಿತನಾಗುವುದಿಲ್ಲ. ಅವನು ಮೋಸ ಹೋದವನು, ಒಳ್ಳೆಯವನಲ್ಲ.

ಸೆಂಡಾಕ್ ಪುಸ್ತಕ ಬೇರೆಯದೇ. ಅದು ಸಿಟ್ಟಿನ ಮಗುವಿಗೆ ಬರೆದದ್ದು. ಮ್ಯಾಕ್ಸ್ ಮನೆಯಲ್ಲಿ ತುಂಟಾಟ ಮಾಡಿ ಅಮ್ಮನಿಗೇ ತಿರುಗಿ ಮಾತಾಡಿ ಊಟವಿಲ್ಲದೆ ಕೋಣೆಗೆ ಹೋಗುತ್ತಾನೆ. ಕೋಣೆಯಲ್ಲೇ ಕಾಡು ಬೆಳೆಯುತ್ತದೆ, ದೋಣಿ ಹತ್ತಿ ರಾಕ್ಷಸರ ನಾಡಿಗೆ ಹೋಗುತ್ತಾನೆ. ಅವರ ಹಳದಿ ಕಣ್ಣುಗಳನ್ನು ಎವೆಯಿಕ್ಕದೆ ನೋಡಿಯೇ ಅವರನ್ನು ಪಳಗಿಸಿ ರಾಜನಾಗುತ್ತಾನೆ. ಅವರೆಲ್ಲ ಕುಣಿಯುವ ಪುಟಗಳಲ್ಲಿ ಒಂದೂ ಅಕ್ಷರ ಇಲ್ಲ, ಬರೀ ಚಿತ್ರ. ಅಲ್ಲಿ ನೀವು ಓದುವುದನ್ನು ನಿಲ್ಲಿಸಿ, ಮಗು ಸದ್ದು ಮಾಡಲಿ, ಮನೆಯಿಡೀ ಕುಣಿಯಲಿ. ಆಮೇಲೆ ಮ್ಯಾಕ್ಸ್‌ಗೆ ಮನೆ ನೆನಪಾಗಿ ವಾಪಸು ಬರುತ್ತಾನೆ. ಊಟ ಕಾದಿರುತ್ತದೆ, ಇನ್ನೂ ಬಿಸಿ ಇರುತ್ತದೆ.

ಆ ರಾಕ್ಷಸರ ರೂಪ ಎಲ್ಲಿಂದ ಬಂತು ಅಂದರೆ, ಚಿಕ್ಕಂದಿನಲ್ಲಿ ಮನೆಗೆ ಬಂದು ಕೆನ್ನೆ ಹಿಂಡುತ್ತಿದ್ದ ನೆಂಟರಿಂದ ಅಂತ ಸೆಂಡಾಕ್ ಹೇಳಿದ್ದರು. ಮದುವೆ ಮನೆಯಲ್ಲಿ ಕೆನ್ನೆ ಹಿಂಡಿಸಿಕೊಂಡ ಯಾವ ಮಗುವಿಗೂ ಇದು ತಟ್ಟನೆ ಅರ್ಥವಾಗುತ್ತದೆ.

ದುಡ್ಡಿಗೆ ಒಂದೇ ಪುಸ್ತಕ ಅನ್ನುವುದಾದರೆ ನಾನು ಸೆಂಡಾಕ್ ಕೊಳ್ಳಿ ಅನ್ನುತ್ತೇನೆ. ಗ್ರಫಲೋ ಕೇಳಿಯೂ ಹೇಳಬಹುದು. ಸೆಂಡಾಕ್ ಕಥೆ ಅರ್ಧ ಇರುವುದೇ ಚಿತ್ರದಲ್ಲಿ, ಪುಸ್ತಕ ಕೈಯಲ್ಲಿ ಇಲ್ಲದಿದ್ದರೆ ಆಗುವುದಿಲ್ಲ. ಇದರದೇ 2009ರ ಸಿನಿಮಾ ಇದೆ. ಅದು ಭಾರವಾದ, ದುಃಖದ ಚಿತ್ರ. ಪುಟ್ಟವರಿಗೆ ಬೇಡ.

ನಮ್ಮ ಘಟೋತ್ಕಚ

ಖರ್ಚಿಲ್ಲದ, ಯಾವ ಭಾಷೆಯಲ್ಲೂ ಹೇಳಬಹುದಾದ, ನಮ್ಮ ಕಡೆ ಕಣ್ಣಾರೆ ನೋಡಲೂ ಸಿಗುವ ಒಳ್ಳೆಯ ರಾಕ್ಷಸ ಇವನು. ಭೀಮ-ಹಿಡಿಂಬೆಯರ ಮಗ. ನೆನೆದ ಕೂಡಲೇ ಬರುತ್ತಾನೆ. ವನವಾಸದಲ್ಲಿ ಬೆಟ್ಟ ಹತ್ತಲಾಗದೆ ದ್ರೌಪದಿ ಕುಸಿದಾಗ ಅವಳನ್ನು ಹೊತ್ತು ನಡೆದವನು ಇವನೇ. ಅಭಿಮನ್ಯುವಿನ ಮದುವೆಯ ಕಥೆಯಲ್ಲಿ ತಮ್ಮನ ಬೆನ್ನಿಗೆ ನಿಲ್ಲುವ ಅಣ್ಣ. ನಮ್ಮ ಯಕ್ಷಗಾನದಲ್ಲಿ ಅದು ‘ಕನಕಾಂಗಿ ಕಲ್ಯಾಣ’. ಅದೇ ಮದುವೆಯ ಕಥೆಯನ್ನು 1957ರ ತೆಲುಗಿನ ‘ಮಾಯಾಬಜಾರ್’ ಹೇಳುತ್ತದೆ. ಅದರಲ್ಲಿ ಎಸ್.ವಿ. ರಂಗರಾವ್ ಘಟೋತ್ಕಚನಾಗಿ ಮದುವೆಯ ಅಡುಗೆಯನ್ನೆಲ್ಲ ತಿನ್ನುವ ಹಾಡನ್ನು ಭಾಷೆ ಬಾರದ ಮಗುವೂ ನೋಡಿ ನಗುತ್ತದೆ.

ಆದರೆ ಯಕ್ಷಗಾನ ಮೇಳದ ಆಟಕ್ಕೆ ಮಗುವನ್ನು ಕರೆದುಕೊಂಡು ಹೋಗುವುದಾದರೆ ಒಂದು ತಯಾರಿ ಬೇಕು. ರಾಕ್ಷಸರ ಬಣ್ಣದ ವೇಷದ ಪ್ರವೇಶ ಅಂದರೆ ತೆರೆಯ ಹಿಂದಿನಿಂದ ಅಬ್ಬರ, ಚೆಂಡೆಯ ಏರು, ಅಲ್ಲಲ್ಲಿ ಬೆಂಕಿ. ದೊಡ್ಡ ಸದ್ದಿಗೆ ಹೆದರುವ ಮಗು ಅಲ್ಲೇ ಕಿರುಚಿ ಎದ್ದುಬಿಡುತ್ತದೆ. ಅದಕ್ಕೆ ಬೇಗ ಹೋಗಿ, ಮೇಳದವರ ಹತ್ತಿರ ಕೇಳಿ, ಚಪ್ಪಲಿ ಹೊರಗೆ ಬಿಟ್ಟು ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋಗಿ. ಒಬ್ಬ ಮನುಷ್ಯ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದನ್ನು, ಅಕ್ಕಿಹಿಟ್ಟಿನ ಚುಟ್ಟಿಯನ್ನು ಒಂದೊಂದೇ ಚುಕ್ಕಿಯಾಗಿ ಇಡುವುದನ್ನು ಮಗು ನೋಡಲಿ. ರಾಕ್ಷಸ ಹೇಗೆ ಆಗುತ್ತಾನೆ ಅಂತ ಕಂಡ ಮಗು ಆಮೇಲೆ ಅಬ್ಬರಕ್ಕೆ ಬೆಚ್ಚಿದರೂ ಓಡುವುದಿಲ್ಲ. ಹರಕೆಯ ಆಟಕ್ಕೆ ಟಿಕೇಟು ಇಲ್ಲ, ಎಲ್ಲರೂ ಹೋಗಬಹುದು. ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ಆಟ ನಿಲ್ಲಿಸುತ್ತವೆ, ಹಾಗಾಗಿ ಮಳೆಗಾಲದಲ್ಲಿ ಕಥೆ ಹೇಳಿ, ದೀಪಾವಳಿ ಕಳೆದ ಮೇಲೆ ಆಟ ತೋರಿಸಿ.

ಇವನ ತೊಡಕು ಕೊನೆಯಲ್ಲಿ. ಕುರುಕ್ಷೇತ್ರದ ಹದಿನಾಲ್ಕನೆಯ ದಿನದ ರಾತ್ರಿ ಕರ್ಣ ಅರ್ಜುನನಿಗಾಗಿ ಕಾದಿಟ್ಟಿದ್ದ ಶಕ್ತ್ಯಾಯುಧವನ್ನು ಇವನ ಮೇಲೆ ಬಿಡಬೇಕಾಗುತ್ತದೆ. ಸಾಯುವಾಗಲೂ ಮೈ ಬೆಳೆಸಿಕೊಂಡು ಕೌರವರ ಸೈನ್ಯದ ಮೇಲೆ ಬೀಳುತ್ತಾನೆ. ಪಾಂಡವರೆಲ್ಲ ಅಳುವಾಗ ಕೃಷ್ಣ ಮಾತ್ರ ಸಂತೋಷಪಡುತ್ತಾನೆ, ಅರ್ಜುನ ಉಳಿದ ಅಂತ. ಒಂಬತ್ತು-ಹತ್ತರ ಮಗು ಇಲ್ಲಿ ಖಂಡಿತ ಕೇಳುತ್ತದೆ, ಕೃಷ್ಣ ಯಾಕೆ ಖುಷಿಪಟ್ಟ ಅಂತ. ಕೇಳಲಿ. ಅದಕ್ಕೆ ಸುಲಭದ ಉತ್ತರ ಕೊಟ್ಟು ಮುಗಿಸಬೇಡಿ, ಅದು ಮಹಾಭಾರತದ ನಿಜವಾದ ಪ್ರಶ್ನೆ. ಏಳರ ಒಳಗಿನವರಿಗೆ ಮದುವೆಯ ಊಟದಲ್ಲೇ ಕಥೆ ನಿಲ್ಲಿಸಿ.

ಸ್ವಲ್ಪ ದೊಡ್ಡವರಿಗೆ

ತಾವೇ ಓದುವ ಮಕ್ಕಳಿಗೆ ರೋಲ್ಡ್ ಡಾಲ್ ಅವರ ‘ದಿ ಬಿ.ಎಫ್.ಜಿ.’ (ಬಿಗ್ ಫ್ರೆಂಡ್ಲಿ ಜಯಂಟ್, 1982) ಚೆನ್ನಾಗಿದೆ. ಅನಾಥ ಹುಡುಗಿ ಸೋಫಿ, ಕನಸುಗಳನ್ನು ಹಿಡಿದು ಸೀಸೆಯಲ್ಲಿ ಇಡುವ ದೈತ್ಯ. ಇವನು ಒಳ್ಳೆಯವನೇ. ಆದರೆ ಉಳಿದ ಒಂಬತ್ತು ದೈತ್ಯರು ಮನುಷ್ಯರನ್ನು ತಿನ್ನುವವರು. ಇದನ್ನು ಹಗಲಿನ ಓದಿಗೆ ಇಡಿ. ದೈತ್ಯನ ಅಡ್ಡಾದಿಡ್ಡಿ ಇಂಗ್ಲಿಷ್, ಆ ಭಾಷೆ ಚೆನ್ನಾಗಿ ಬರುವವರಿಗೇ ರುಚಿ.

‘ಐರನ್ ಜಯಂಟ್’ ಸಿನಿಮಾ (1999) ಕೇಳಿದವರಿಗೆ ನಾನು ಪುಸ್ತಕದ ಕಡೆ ಕೈ ತೋರಿಸುತ್ತೇನೆ. ಸಿನಿಮಾ ಬಹಳ ಒಳ್ಳೆಯದು, ಆದರೆ ಕೊನೆಯಲ್ಲಿ ಕಬ್ಬಿಣದ ದೈತ್ಯ ಊರನ್ನು ಉಳಿಸಲು ತನ್ನನ್ನೇ ಕೊಟ್ಟುಕೊಳ್ಳುತ್ತಾನೆ. ಆಮೇಲೆ ಸಣ್ಣ ಭರವಸೆ ಇದೆ, ಅಷ್ಟರಲ್ಲಿ ಮಗು ಅತ್ತಾಗಿರುತ್ತದೆ. ಅದಕ್ಕೆ ಮೂಲವಾದ ಟೆಡ್ ಹ್ಯೂಸ್ ಅವರ ‘ದಿ ಐರನ್ ಮ್ಯಾನ್’ (1968) ಐದು ರಾತ್ರಿಗಳಲ್ಲಿ ಹೇಳಲೆಂದೇ ಐದು ಅಧ್ಯಾಯ ಮಾಡಿದ ಕಥೆ. ರೈತರು ಗುಂಡಿ ತೋಡಿ ಹೂತರೂ ಅವನು ಎದ್ದು ಬರುತ್ತಾನೆ. ಕೊನೆಗೆ ಹೋಗಾರ್ಥ್ ಎಂಬ ಹುಡುಗ ಒಂದು ಉಪಾಯ ಹೇಳುತ್ತಾನೆ, ಅವನಿಗೆ ಹಸಿವು, ಗುಜರಿ ಅಂಗಳಕ್ಕೆ ಕರೆದುಕೊಂಡು ಹೋಗಿ, ಬೇಕಾದಷ್ಟು ಕಬ್ಬಿಣ ತಿನ್ನಲಿ ಅಂತ. ಹೆದರಿದ್ದ ಊರಿಗೆ ದಾರಿ ತೋರಿಸಿದ್ದು ಒಬ್ಬ ಹುಡುಗ. ನಾಲ್ಕು ದಿನ ಬಿಡದೆ ಮಳೆ ಹೊಡೆಯುವ ವಾರಕ್ಕೆ ಹೇಳಿ ಮಾಡಿಸಿದ ಕಥೆ. ಕನ್ನಡದಲ್ಲಿ ಹೇಳಲೂ ಸಲೀಸು.

ಸಂಗೀತ ಕಲಿಯುವ ಮಕ್ಕಳಿದ್ದರೆ ಸತ್ಯಜಿತ್ ರಾಯ್ ಅವರ ‘ಗೂಪಿ ಗಾಯ್ನೆ ಬಾಘಾ ಬಾಯ್ನೆ’ (1969) ತೋರಿಸಿ. ಹಾಡಲು ಬಾರದ ಒಬ್ಬ, ಡೋಲು ಬಾರಿಸಲು ಬಾರದ ಇನ್ನೊಬ್ಬ. ದೆವ್ವಗಳ ರಾಜ ಇವರನ್ನು ಮೆಚ್ಚಿ ಮೂರು ವರ ಕೊಡುತ್ತಾನೆ. ಬಂಗಾಳಿ ಮಾತು, ಅಡಿಬರಹ ಓದುವ ವಯಸ್ಸಾಗಿರಬೇಕು.

ಹದಿನಾಲ್ಕು ದಾಟಿದವರಿಗೆ ಮೇರಿ ಶೆಲ್ಲಿಯ 1818ರ ‘ಫ್ರಾಂಕೆನ್‌ಸ್ಟೈನ್’ ಕೊಡಬಹುದು. ಅಲ್ಲಿಯ ಜೀವಿ ಹುಟ್ಟಿದಾಗ ಕೆಟ್ಟವನಲ್ಲ. ಒಂದು ಬಡ ಮನೆಯ ಗೋಡೆಯ ಬಿರುಕಿನಿಂದ ನೋಡುತ್ತಾ ಮಾತು ಕಲಿಯುತ್ತಾನೆ, ಗುಟ್ಟಾಗಿ ಅವರಿಗೆ ಸೌದೆ ತಂದಿಡುತ್ತಾನೆ. ಆ ಮನೆಯ ಕುರುಡ ಮುದುಕ ಮಾತ್ರ ಅವನ ಜೊತೆ ಒಳ್ಳೆಯ ಮಾತಾಡುತ್ತಾನೆ, ಕಣ್ಣಿದ್ದವರು ಹೊಡೆದು ಓಡಿಸುತ್ತಾರೆ. ಮುಂದಿನದು ಕ್ರೂರವಾಗಿದೆ, ಕೊಲೆಗಳಿವೆ. ಸ್ನೇಹ ಸಿಗದೆ ಹೋದ ರಾಕ್ಷಸ ಏನಾಗುತ್ತಾನೆ ಅಂತ ತಿಳಿಯಬೇಕಾದ ವಯಸ್ಸಿನವರಿಗೆ ಮಾತ್ರ.

ಇನ್ನೂ ಗೊಂದಲ ಇದ್ದರೆ

ಕತ್ತಲಿಗೆ ಹೆದರುವ ನಾಲ್ಕರ ಮಗುವಿಗೆ ಟೊಟೊರೊ, ಹಗಲು ಹೊತ್ತಿನಲ್ಲಿ. ಆರು ತುಂಬಿ ಮಂಚದ ಅಡಿ ಇಣುಕಿ ನೋಡಿಯೇ ಮಲಗುವವರಿಗೆ ಮಾನ್‌ಸ್ಟರ್ಸ್ ಇಂಕ್. ಸಿಟ್ಟು, ಹಟ ಜಾಸ್ತಿ ಇರುವವರಿಗೆ ಸೆಂಡಾಕ್. ಟಿವಿ-ಮೊಬೈಲ್ ಬೇಡ, ಖರ್ಚೂ ಬೇಡ ಅನ್ನುವವರಿಗೆ ಘಟೋತ್ಕಚ ಮತ್ತು ಇಲಿಯ ಕಥೆ.

ಮನೆಯಲ್ಲಿ ನಾಲ್ಕರವನೂ ಒಂಬತ್ತರವಳೂ ಇದ್ದರೆ ಇಬ್ಬರಿಗೂ ಸೇರಿ ಒಂದೇ ಸಿನಿಮಾ ಹುಡುಕಿ ಕಷ್ಟಪಡಬೇಡಿ. ದೊಡ್ಡವಳಿಗೆ ನೀವು ‘ಐರನ್ ಮ್ಯಾನ್’ ಓದಿ ಹೇಳಿ, ತಮ್ಮನಿಗೆ ಅವಳೇ ಹೇಳಲಿ. ಎಲ್ಲಿ ಧ್ವನಿ ತಗ್ಗಿಸಬೇಕು, ಯಾವ ಭಾಗ ಬಿಡಬೇಕು ಅಂತ ಅವಳಿಗೆ ಚೆನ್ನಾಗಿ ಗೊತ್ತಿರುತ್ತದೆ, ಯಾಕೆಂದರೆ ತಮ್ಮ ಯಾವುದಕ್ಕೆ ಹೆದರುತ್ತಾನೆ ಅಂತ ಬಲ್ಲವಳು ದಿನಾ ಪಕ್ಕದಲ್ಲಿ ಮಲಗುವ ಅವಳೇ. ಅವನು ಹೆದರಿದರೆ ಅಂದಿನ ರಾತ್ರಿಗೆ ಅಲ್ಲಿಗೇ ನಿಲ್ಲಿಸಲು ಹೇಳಿ, ಉಳಿದದ್ದು ನಾಳೆ ಹಗಲಿಗೆ.